ಒರೆಸಿದ ಮರಳು

ನೆಬ್ರಾಸ್ಕದ ಪಶ್ಚಿಮ ಅಂಚಿನಲ್ಲಿರುವ ನಮ್ಮ ಹಾರ್ಲೋ ಊರಿನ ಗಾಲ್ಫ್ ಮೈದಾನದಲ್ಲಿ ಒಂಬತ್ತು ಗ್ರೀನ್‌ಗಳಿವೆ, ಅಂದರೆ ಚೆಂಡು ಬೀಳಬೇಕಾದ ಕುಳಿಯ ಸುತ್ತಲಿನ ನುಣುಪು ಅಂಗಳಗಳು; ಒಂದರಲ್ಲಿಯೂ ಹುಲ್ಲಿಲ್ಲ. ಕುಳಿಯ ಸುತ್ತ ಹರಡಿರುವುದು ಎಣ್ಣೆ ಬೆರೆಸಿದ ಮರಳು. ಚೆಂಡಿನಿಂದ ಕುಳಿಯವರೆಗೆ ಕಬ್ಬಿಣದ ಕೊಳವೆಯೊಂದನ್ನು ಎಳೆದು, ದಾರಿಯನ್ನು ಸಮಮಾಡಿಕೊಂಡೇ ಹೊಡೆಯಬೇಕು; ಮರಳು ಚೆಂಡನ್ನು ತಡೆಯುವುದರಿಂದ ಬಿರುಸಾಗಿಯೇ ಹೊಡೆಯಬೇಕು. ಆಡಿ ಮುಗಿಸಿದವರು ಹಿಂದೆ ಬರುವವರಿಗಾಗಿ ತಮ್ಮ ಹೆಜ್ಜೆಗುರುತುಗಳನ್ನು ಅಳಿಸಿ ಹೋಗಬೇಕು. ನಮ್ಮೂರ ಹುಡುಗಿ ಟೆಸ್ಸಾ ವೊಲ್ಕೆ ಆ ಕೊಳವೆಯನ್ನು ಹಿಡಿದೇ ನಡೆಯಲು ಕಲಿತಳೆಂದರೆ ಅದು ತೀರ ಉತ್ಪ್ರೇಕ್ಷೆಯಾಗದು.

ಇಪ್ಪತ್ತೆರಡಕ್ಕೆ ಅವಳು ವೃತ್ತಿಪರ ಆಟಗಾರ್ತಿಯಾದಾಗ, ಶಾಲೆಯ ಬಸ್ಸು ಓಡಿಸಿ ನಿವೃತ್ತನಾಗಿದ್ದ ನಾನು ಅವಳ ಗಾಲ್ಫ್ ಕೋಲುಗಳ ಚೀಲ ಹೊತ್ತು ಹೊರಟೆ. ಅರಿಜೋನದ ತರಬೇತುದಾರನೊಬ್ಬ ಅವಳಿಗೆ ಎರಡು ಬುದ್ಧಿಮಾತು ಹೇಳಿದ: ಕುಳಿಗೆ ಅಷ್ಟು ಬಿರುಸಾಗಿ ಹೊಡೆಯಬೇಡ, ಯಾರಾದರೂ ಕೇಳಿದರೆ ಊರು ನಿಮ್ಮ ರಾಜ್ಯದ ದೊಡ್ಡ ನಗರ ಒಮಾಹಾ ಎನ್ನು. ಮೊದಲನೆಯದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡನೆಯದನ್ನು ಪಾಲಿಸಿದಳು, ಏಕೆಂದರೆ ಮರಳಿನ ಮೇಲೆ ಆಡಿ ಬಂದವರೆಂದರೆ ಉಳಿದವರು ನಗುತ್ತಿದ್ದರು.

ಅಯೋವಾದಲ್ಲಿ ಒಂದು ಸೋಮವಾರ. ಗುರುವಾರ ಆರಂಭವಾಗಲಿದ್ದ ದೊಡ್ಡ ಪಂದ್ಯಾವಳಿಯಲ್ಲಿ ಉಳಿದಿದ್ದ ಎರಡೇ ಸ್ಥಾನಗಳಿಗೆ ಎಂಬತ್ತು ಮಂದಿ ಸೆಣಸುತ್ತಿದ್ದರು. ಹದಿನಾರನೆಯ ಕುಳಿಯ ಬಳಿ ಬಂದಾಗ ಫಲಕದಲ್ಲಿ ಟೆಸ್ಸಾಳ ಹೆಸರು ಎರಡನೆಯದು. ಅವಳ ಚೆಂಡು ಗ್ರೀನಿನಿಂದ ಆಚೆಗೆ, ಅಂಚಿನ ಹುಲ್ಲಿನಲ್ಲಿ ನಿಂತಿತ್ತು. ಪಕ್ಕದ ಮರಳುಗುಂಡಿಯಿಂದ ಚಿಮ್ಮಿದ ಹಿಡಿಯಷ್ಟು ಮರಳು ಅಲ್ಲೇ ಅಂಚಿನಲ್ಲಿ, ಅದರ ದಾರಿಯಲ್ಲಿ ಬಿದ್ದಿತ್ತು. ಅವಳು ಬಾಗಿ ಅಂಗೈಯಿಂದ ಅದನ್ನು ಒರೆಸಿದಳು. ಒರೆಸಿದ ಕೈ ಅಲ್ಲಿಯೇ ನಿಂತಿತು. ಗ್ರೀನಿನ ಮೇಲಾದರೆ ಮರಳನ್ನು ಸರಿಸಬಹುದು. ಅಂಚಿನಲ್ಲಿ ಸರಿಸಿದರೆ ಎರಡು ಹೊಡೆತಗಳ ದಂಡ.

ಜೊತೆಗೆ ಆಡುತ್ತಿದ್ದ ಪೇಜ್ ಸಟ್‌ಕ್ಲಿಫ್ ಆಚೆ ಬದಿಯಲ್ಲಿ ನಮಗೆ ಬೆನ್ನುಮಾಡಿದ್ದಳು.

"ಯಾರೂ ನೋಡಿಲ್ಲ ಕಣೇ," ಎಂದೆ, ದನಿ ತಗ್ಗಿಸಿ.

"ನೀನು ನೋಡಿದ್ಯಲ್ಲ, ವರ್ಜಿಲ್."

"ನಾನು ಬಸ್ಸು ಓಡ್ಸೋನು. ನನ್ನ ಕಣ್ಣು ರಸ್ತೆ ಮೇಲೇ ಇರುತ್ತೆ."

"ಹಂಗಿದ್ರೆ ನಮ್ಮಪ್ಪನ ಅಂಚೆಡಬ್ಬಿಗೆ ಮೂರು ಸಲ ಗುದ್ದಿದ್ಯಾಕೆ?" ಎಂದವಳೇ ಪೇಜ್‌ಳನ್ನು ಕರೆದಳು. ಟೆಸ್ಸಾಳ ಹೊಡೆತಗಳನ್ನು ಬರೆದುಕೊಳ್ಳುವ ಚೀಟಿ ಇದ್ದದ್ದು ಅವಳ ಬಳಿ.

ನಡೆದುದನ್ನು ಕೇಳಿ ಪೇಜ್ ಹುಬ್ಬೇರಿಸಿದಳು. "ಮರಳು ಒರೆಸೋದಾ? ಅದ್ಯಾವ ಸೀಮೆ ಅಭ್ಯಾಸ ತಾಯಿ? ಒಮಾಹಾದಲ್ಲಿ ಹಿಂಗೆಲ್ಲ ಮಾಡ್ತಾರಾ?"

"ಒಮಾಹಾದಲ್ಲಿ ಏನ್ಮಾಡ್ತಾರೋ ನಂಗೊತ್ತಿಲ್ಲ. ನಾನು ಹಾರ್ಲೋದವಳು. ನಮ್ಮಲ್ಲಿ ಗ್ರೀನ್ ಅಂದ್ರೇನೇ ಮರಳು. ನಗೋದಿದ್ರೆ ಆಮೇಲೆ ನಗು, ಮೊದ್ಲು ಎರಡು ಬರ್ಕೋ."

ಪೇಜ್ ಬರೆದುಕೊಂಡಳು. ನಗಲಿಲ್ಲ.

ಕೊನೆಯ ಕುಳಿಗೆ ಹನ್ನೆರಡು ಅಡಿ ದೂರ, ಇಳಿಜಾರು. ಚೆಂಡು ಒಳಗೆ ಬಿದ್ದರೆ ಇನ್ನೊಬ್ಬಳೊಂದಿಗೆ ಸಮವಾಗಿ, ಎರಡನೆಯ ಸ್ಥಾನಕ್ಕಾಗಿ ಮತ್ತೊಂದು ಕುಳಿ ಆಡುವ ಅವಕಾಶ. ಮೆಲ್ಲಗೆ ಎಂದು ನಾನು ಹೇಳುವಷ್ಟರಲ್ಲಿ ಅವಳು ಹಾರ್ಲೋದವಳಂತೆಯೇ, ನೇರವಾಗಿ, ಬಿರುಸಾಗಿ ಹೊಡೆದಿದ್ದಳು. ಚೆಂಡು ಕುಳಿಯ ಹಿಂಗೋಡೆಗೆ ಬಡಿದು, ಎಗರಿ, ಹೊರಗೆ ನಿಂತಿತು.

"ಸ್ವಲ್ಪ ಮೆತ್ತಗೆ ಹೊಡೆದಿದ್ರೆ..."

"ಇಳಿಜಾರಿಗೆ ಅಡ್ಡ ಹೋಗ್ತಿತ್ತು. ಚೀಲ ಎತ್ತು."

ಮುಂದಿನ ಸೋಮವಾರ ಇಲಿನಾಯ್‌ನಲ್ಲಿ, ಇನ್ನೊಂದು ಮೈದಾನದ ನೋಂದಣಿ ಮೇಜಿನೆದುರು ಮತ್ತೆ ನಿಂತಿದ್ದೆವು. ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಅಚ್ಚಾಗಿದ್ದ ಒಮಾಹಾವನ್ನು ಟೆಸ್ಸಾ ಹೊಡೆದುಹಾಕಿ, ಅಂಕಣ ಮೀರುವಷ್ಟು ದೊಡ್ಡದಾಗಿ ಹಾರ್ಲೋ ಎಂದು ಬರೆದಳು.

"ಎಲ್ಲಿದೆ ಇದು? ನಾ ಕೇಳೇ ಇಲ್ಲ," ಎಂದ ಮೇಜಿನಾತ.

"ಬಂದು ನೋಡಿ. ನೀವು ಬರೋ ಹೊತ್ತಿಗೆ ಮರಳು ಒರೆಸಿಟ್ಟಿರ್ತೀವಿ," ಎಂದು ಅವನ ಪೆನ್ನನ್ನು ಟೋಪಿಗೆ ಸಿಕ್ಕಿಸಿಕೊಂಡು, ಮೊದಲ ಕುಳಿಯತ್ತ ನಡೆದಳು.