ಮೇಣ ಹಚ್ಚಿದ ಕನ್ನಡಿ

ಹೈಸ್ಕೂಲಿನ ಮಕ್ಕಳಿಗೆ ವರ್ಷ ವರ್ಷವೂ ಕನ್ನಡಿಯ ಪಾಠ ಹೇಳಿದವನು ನಾನು. ಪತನ ಕೋನ, ಪ್ರತಿಫಲನ ಕೋನ ಎರಡೂ ಸಮ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದೆ. ಆದರೆ ಆ ಪಾಠ ನನ್ನ ತಲೆಗೆ ಹತ್ತಿದ್ದು ನನ್ನ ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಕನ್ನಡಿ ಸಡಿಲವಾದಾಗ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಎರಡು ಕೋಣೆಯ ಮನೆ. ಅಪ್ಪ, ಅಮ್ಮ, ಇಬ್ಬರು ತಂಗಿಯರು, ನಾನು. ಅಲ್ಲಿಗೆ ಗಿರಿಜಾ ನನ್ನ ಹೆಂಡತಿಯಾಗಿ ಬಂದಳು. ಅಷ್ಟು ಜನರ ನಡುವೆ ಅವಳ ಮುಖವನ್ನು ನೆಟ್ಟಗೆ ನೋಡುವ ಧೈರ್ಯ ನನಗಿರಲಿಲ್ಲ. ಮದುವೆಯಲ್ಲಿ ಕಳಸಗನ್ನಡಿ ಹಿಡಿದು ನಿಂತಿದ್ದರಲ್ಲ, ಅದರಲ್ಲೂ ನನಗೆ ಕಂಡದ್ದು ನನ್ನ ಪೇಟ ಮಾತ್ರ. ಈ ಹುಡುಗಿ ನಮ್ಮ ಮನೆಯಲ್ಲಿ ಸುಖವಾಗಿದ್ದಾಳೋ ಇಲ್ಲವೋ ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು. ಕೇಳೋಣವೆಂದರೆ ಪಿಸುಮಾತೂ ಪಕ್ಕದ ಕೋಣೆಗೆ ಕೇಳುವ ಮನೆ. ಕೇಳಿದರೂ ಅವಳು "ಚೆನ್ನಾಗಿದೀನಿ" ಎನ್ನದೆ ಇನ್ನೇನು ಅಂದಾಳು?

ದಿನಾ ಸಂಜೆ ಅವಳನ್ನು ಟೆಲಿಫೋನ್ ಆಫೀಸಿನಿಂದ ಕರೆತರುವುದು ನನ್ನ ಕೆಲಸ. ಸ್ಕೂಟರಿನ ಮೇಲೆ ನಾವಿಬ್ಬರೇ ನಿಜ, ಆದರೆ ನಾನು ಮುಂದೆ, ಅವಳು ಹಿಂದೆ, ಕಿವಿಯ ತುಂಬ ಇಂಜಿನ್ನಿನ ಗದ್ದಲ. ಹೀಗಿರುವಾಗ ಒಂದು ಗುಂಡಿಗೆ ಇಳಿದ ರಭಸಕ್ಕೆ ಎಡಗಡೆಯ ಕನ್ನಡಿಯ ಗಾಜು ಚೌಕಟ್ಟಿನಲ್ಲಿ ಗಲಗಲ ಅನ್ನತೊಡಗಿತು. ಗಿರಿಜಾ, ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚಿಕೊಳ್ಳುವ ಮೇಣವನ್ನು ಒಂದು ಚಿಟಿಕೆ ತಂದುಕೊಟ್ಟಳು.

"ಕುಂಕುಮಾನೇ ಸಂಜೆವರೆಗೂ ನಿಲ್ಲುತ್ತೆ, ಗಾಜು ನಿಲ್ಲಲ್ವಾ?" ಅಂದಳು.

ನಿಂತಿತು, ಮಧ್ಯಾಹ್ನದವರೆಗೆ. ಆಮೇಲೆ ಶಾಲೆಯ ಅಂಗಳದ ಬಿಸಿಲಿಗೆ ಮೇಣ ಮೆತ್ತಗಾಗಿ ಗಾಜು ಒಳಕ್ಕೆ ವಾಲಿತು. ಸಂಜೆ ಅವಳನ್ನು ಹತ್ತಿಸಿಕೊಂಡು ಹೊರಟಾಗ ನೋಡುತ್ತೇನೆ, ಕನ್ನಡಿಯಲ್ಲಿ ರಸ್ತೆಯೇ ಇಲ್ಲ, ಗಿರಿಜಾ ಇದ್ದಾಳೆ.

ನಾನು ಬೆರಗಾಗಿಹೋದೆ. ಮನೆಯಲ್ಲಿ ತಲೆ ಬಗ್ಗಿಸಿ ಕಾಫಿ ಸೋಸುವವಳು ಇಲ್ಲಿ ಅಂಗಡಿಗಳ ಬೋರ್ಡುಗಳನ್ನೆಲ್ಲ ತುಟಿಯಲ್ಲೇ ಓದುತ್ತಿದ್ದಳು. ದಾರಿಗೆ ಅಡ್ಡ ನಿಂತ ಎಮ್ಮೆಯನ್ನು ಕಂಡು ಒಬ್ಬಳೇ ನಕ್ಕಳು. ಗಾಳಿಗೆ ಕಣ್ಣು ಕಿರಿದು ಮಾಡಿ ಏನೋ ಗುನುಗಿದಳು. ಒಂದು ಮುಖದಲ್ಲಿ ಇಷ್ಟೊಂದು ನಡೆಯುತ್ತದೆಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಹಿಂದೆ ಬರುವ ಬಸ್ಸುಗಳನ್ನು ದೇವರಿಗೆ ಒಪ್ಪಿಸಿ, ಅವಳಿಗೆ ಗೊತ್ತಾಗದಂತೆ ನೋಡಿದ್ದೇ ನೋಡಿದ್ದು.

ಆದರೆ ನಮ್ಮ ಬೀದಿಗೆ ತಿರುಗುವ ಹಾಲಿನ ಬೂತು ಬಂತೋ ಇಲ್ಲವೋ, ನಗು ಮಾಯ. ಸೆರಗು ಹೆಗಲ ತುಂಬ ಬಂತು, ಮುಖ ಬಿಗಿಯಿತು. ಹಾಗಾದರೆ ನಮ್ಮ ಮನೆಯಲ್ಲಿ ಅವಳಿಗೆ ಸುಖವಿಲ್ಲ. ನನಗೆ ಬೇಕಿದ್ದ ಉತ್ತರ ಇದೇ ತಾನೆ?

ಬೆಳಿಗ್ಗೆ ಗಾಜನ್ನು ಒತ್ತಿ ಸರಿ ಮಾಡುತ್ತಿದ್ದೆ, ಸಂಜೆಯ ಹೊತ್ತಿಗೆ ಅದು ತಾನಾಗಿ ವಾಲಿರುತ್ತಿತ್ತು. ಗಾಳಿ ಚೆನ್ನಾಗಿದೆ ಎಂದು ನೆಪ ಹೇಳಿ ಮಾಗಡಿ ರಸ್ತೆ ಹಿಡಿದು ಶ್ರೀಗಂಧದ ಕಾವಲಿನ ಕಡೆ ಹೊಲಗಳ ನಡುವೆ ಸುತ್ತಿಸಿಕೊಂಡು ಬರುತ್ತಿದ್ದೆ. ಅಲ್ಲೆಲ್ಲ ಅವಳ ಮುಖ ಅರಳಿರುತ್ತಿತ್ತು. ಎಷ್ಟು ಸುತ್ತಿದರೂ ಕೊನೆಗೆ ಹಾಲಿನ ಬೂತು ಬರಲೇಬೇಕಲ್ಲ, ಬರುತ್ತಿತ್ತು.

ಒಂದು ದಿನ ಅಪ್ಪ ಕನ್ನಡಿಯನ್ನು ನೋಡಿಬಿಟ್ಟರು. "ಹಿಂದೆ ಬರೋ ಬಸ್ಸು ಕಾಣ್ದೇ ಹೋದ್ರೆ ಗತಿ ಏನೋ? ಸರಿಯಾಗಿ ಅಂಟಿಸು" ಅಂದರು. ಭಾನುವಾರ ಸೈಕಲ್ ಅಂಗಡಿಯಿಂದ ಪಂಕ್ಚರ್ ಸಲ್ಯೂಷನ್ ತಂದು ಬಾಗಿಲ ಮುಂದೆ ಕೂತೆ. ಗಿರಿಜಾ ಚೌಕಟ್ಟು ಹಿಡಿದುಕೊಂಡಳು. ನಾನು ಹಳೆಯ ಮೇಣವನ್ನು ಕೆರೆಯುತ್ತಿದ್ದಾಗ ಮೆಲ್ಲಗೆ ಅಂದಳು:

"ಇದು ಗಟ್ಟಿಯಾಗಿ ನಿಂತ್ಬಿಟ್ರೆ ಇನ್ಮೇಲೆ ನಿಮ್ಮ ಮುಖ ಕಾಣಲ್ಲ."

"ನನ್ನ ಮುಖಾನಾ?"

"ಮತ್ತೆ? ನಿಮಗೆ ನಾನು ಕಂಡ್ರೆ ನನಗೆ ನೀವು ಕಾಣಲ್ವಾ? ಮೇಷ್ಟ್ರು ಬೇರೆ ನೀವು."

ಬೋರ್ಡಿನ ಮೇಲೆ ನಾನು ಬರೆದ ಬಾಣಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು.

"ಬೂತು ಬಂತು ಅಂದ್ರೆ ನಿಮ್ಮ ಮುಖ ಗಂಟಾಗೋದು" ಅಂದಳು. "ಮನೆ ಹತ್ರ ಬಂದ್ರೆ ಇವರಿಗೆ ಯಾಕಿಷ್ಟು ಬೇಜಾರು, ನನ್ನಿಂದ ಏನಾದ್ರೂ ತಪ್ಪಾಯ್ತಾ ಅಂತ ನಾನೂ ಸಪ್ಪಗಾಗ್ತಿದ್ದೆ."

"ನೀನು ಸಪ್ಪಗಾದೆ ಅಂತ ಕಣೇ ನನಗೆ ಬೇಜಾರು! ಮೊದಲನೇ ದಿನಾನೇ ನೋಡ್ದೆ, ನಗು ನಿಲ್ಲಿಸಿ ಸೆರಗು ಹೊದ್ಕೊಂಡೆ."

"ಸೆರಗು ಚಕ್ರಕ್ಕೆ ಸಿಕ್ಕಿ ಬೀಳ್ದೇ ಇಳೀಬೇಕಲ್ಲ ರೀ, ಅದಕ್ಕೆ" ಅಂದವಳು, ಇಡೀ ಮನೆಗೆ ಕೇಳುವ ಹಾಗೆ ನಕ್ಕುಬಿಟ್ಟಳು. ಒಳಗೆ ಅಪ್ಪ ಕೆಮ್ಮಿದರು. ಅಂಗೈಯಗಲದ ಒಂದು ಗಾಜು ಇಬ್ಬರನ್ನು ಹತ್ತಿರ ತಂದು, ಇಬ್ಬರಿಗೂ ತಮ್ಮ ಚಿಂತೆಯನ್ನೇ ಇನ್ನೊಬ್ಬರ ಬೇಜಾರಾಗಿ ತೋರಿಸಿ, ಇಷ್ಟು ದಿನ ಆಟವಾಡಿಸಿತ್ತು. ಅದರ ಬೆನ್ನಿಗೆ ನಾನು ಸಲ್ಯೂಷನ್ ಹಚ್ಚಿದೆ.

ಸಲ್ಯೂಷನ್ ಗಟ್ಟಿಯಾಗಿಯೇ ಹಿಡಿಯಿತು. ಮರುದಿನ ಸಂಜೆ ಕನ್ನಡಿಯಲ್ಲಿ ಬರೀ ರಸ್ತೆ. ಹಾಲಿನ ಬೂತು ಬಂದಾಗ ಸ್ಕೂಟರ್ ನಿಧಾನ ಮಾಡಿ, ತಲೆ ತಿರುಗಿಸದೆ ಕೇಳಿದೆ:

"ಗಿರಿಜಾ, ಮುಖ ಹೇಗಿದೆ?"

"ಚೆನ್ನಾಗಿದೆ. ನಿಮ್ದು?"

ಕನ್ನಡಿಯಲ್ಲಿ ಒಂದು ಬಸ್ಸು ಬರುತ್ತಿತ್ತು. ನಾನು ಅವಳ ಮಾತನ್ನು ನಂಬಿ ಸ್ಕೂಟರನ್ನು ನಮ್ಮ ಬೀದಿಗೆ ತಿರುಗಿಸಿದೆ.