ಬುಧವಾರದ ಲೈನಿನಲ್ಲಿ ವರ್ನೆಲ್‌ಳ ಬ್ಯಾಂಜೊ

ವರ್ನೆಲ್ ಪೆಟಿಫೋರ್ಡ್ ಬ್ಯಾಂಜೊ ಪೆಟ್ಟಿಗೆ ಹಿಡಿದು ಸಭಾಂಗಣದ ಹಿಂಬಾಗಿಲಿಗೆ ಬಂದಳೆಂದರೆ, ಯಾರಾದರೊಬ್ಬರು ಅವಳಿಗೆ ಅಡುಗೆಮನೆಯ ದಾರಿ ತೋರಿಸುವುದು ಹೊಸದೇನಲ್ಲ. "ಊಟ ತಂದಿದ್ದೀರಲ್ಲ, ಆ ಕಡೆ ಇಡಿ" ಎನ್ನುತ್ತಿದ್ದರು. ವರ್ನೆಲ್ ಸಿಟ್ಟಾಗುತ್ತಿರಲಿಲ್ಲ. "ಆಗಲಿ, ಇಟ್ಟು ಬಂದು ಹಾಡ್ತೀನಿ" ಎನ್ನುತ್ತಿದ್ದಳು. ಹೇಳಿದವರ ಮುಖ ಬೀಟ್‌ರೂಟಿನಂತೆ ಕೆಂಪಾಗುತ್ತಿತ್ತು. ಅವಳ ಪಕ್ಕದಲ್ಲಿ ಆಳೆತ್ತರದ ಬೇಸ್ ವಾದ್ಯವನ್ನು ಹೊತ್ತು ನಿಂತಿರುತ್ತಿದ್ದ ಡೇಲ್ ಹನಿಕಟ್ ಏನೂ ಕೇಳಿಸದವನಂತೆ ತನ್ನ ಬೂಟಿನ ಲಾಡಿಯನ್ನು ಮತ್ತೊಮ್ಮೆ ಬಿಗಿಯುತ್ತಿದ್ದ.

ವರ್ನೆಲ್ ಕಪ್ಪು ಹೆಂಗಸು, ಡೇಲ್ ಬಿಳಿಯ. ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನು, ಮಾತು ಕಡಿಮೆ. ಹನ್ನೊಂದು ವರ್ಷದಿಂದ ಇಬ್ಬರೂ ಅವನ ಹಳೇ ವ್ಯಾನಿನಲ್ಲಿ ವರ್ಜೀನಿಯಾ, ಟೆನೆಸಿ, ನಾರ್ತ್ ಕ್ಯಾರೊಲೈನಾದ ಸಣ್ಣಪುಟ್ಟ ಊರುಗಳನ್ನೆಲ್ಲ ಸುತ್ತಿ ಹಾಡಿದ್ದರು. ಅವಳ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಹಾಡು ಕಟ್ಟುವವಳು, ಹಾಡುವವಳು, ಧ್ವನಿಮುದ್ರಿಕೆ ಮಾರುವವಳು ಎಲ್ಲವೂ ಅವಳೇ. ಬ್ಯಾಂಜೊ ಕಲಿಸಿದವನು ಅವಳ ತಾತ, ಹೊಗೆಸೊಪ್ಪಿನ ಹೊಲದಲ್ಲಿ ದುಡಿದವನು. ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಬಡಿದು ನುಡಿಸುವ ಹಳೇ ಪಟ್ಟು ಅವನದು. ಮೊಮ್ಮಗಳ ಕೈಯಲ್ಲೂ ಅದೇ ಉಳಿದಿತ್ತು.

2020ರ ಮಾರ್ಚಿನಲ್ಲಿ ಕೊರೊನಾ ಸೋಂಕು ಬಂತು. ಒಂದೇ ವಾರದಲ್ಲಿ ಬೇಸಿಗೆಯವರೆಗಿನ ಕಾರ್ಯಕ್ರಮಗಳೆಲ್ಲ ಬಿದ್ದುಹೋದವು. ಡರ್‌ಹ್ಯಾಮಿನಲ್ಲಿ ತನ್ನ ಸೋದರತ್ತೆ ಜೆನೋಬಿಯಾಳ ಮನೆಯಲ್ಲಿದ್ದ ವರ್ನೆಲ್, ಮೊದಲು ಎಲ್ಲರಂತೆ ಫೋನನ್ನು ಪುಸ್ತಕಗಳ ಮೇಲೆ ನಿಲ್ಲಿಸಿ ಅದರ ಮುಂದೆ ಹಾಡಿದಳು. ಪರದೆಯ ಮೇಲೆ ಹೃದಯದ ಚಿತ್ರಗಳು ಗುಳ್ಳೆಗಳಂತೆ ಏಳುತ್ತಿದ್ದವು. ಹಾಡು ಮುಗಿದರೆ ಮಾತ್ರ ಮನೆಯೊಳಗೆ ಫ್ರಿಜ್ಜಿನ ಗೊರಗೊರ ಬಿಟ್ಟು ಬೇರೆ ಸದ್ದಿಲ್ಲ. ಮೂರು ಸಲ ಹಾಡಿ ನಿಲ್ಲಿಸಿಬಿಟ್ಟಳು.

"ಗೋಡೆಗೆ ಹಾಡಿದ ಹಾಗಿದೆ ಅತ್ತೆ" ಎಂದಳು.

ಜೆನೋಬಿಯತ್ತೆಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಂತು, ಯಾರು ಎಲ್ಲಿ ಕೂರಬೇಕೆಂದು ಕಣ್ಸನ್ನೆಯಲ್ಲೇ ಹೇಳಿದವಳು. "ಗೋಡೆ ಬೇಡ ಅಂದ್ರೆ ಬುಧವಾರ ನಮ್ಮ ಲೈನಿಗೆ ಬಾ. ಅಲ್ಲಿ ಮನುಷ್ಯರಿದ್ದಾರೆ" ಎಂದಳು.

ಚರ್ಚಿಗೆ ಬೀಗ ಬಿದ್ದ ಮೇಲೆ ಅಲ್ಲಿನ ವಯಸ್ಸಾದವರು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಫೋನಿನಲ್ಲೇ ಒಟ್ಟು ಸೇರುತ್ತಿದ್ದರು. ಒಂದೇ ನಂಬರಿಗೆ ಎಲ್ಲರೂ ಕರೆ ಮಾಡುವುದು, ಪ್ರಾರ್ಥಿಸುವುದು. ನಕ್ಷತ್ರದ ಗುಂಡಿ ಒತ್ತಿ ಆರು ಒತ್ತಿದರೆ ನಮ್ಮ ಮನೆಯ ಸದ್ದು ಬೇರೆಯವರಿಗೆ ಕೇಳಿಸದು. ಅದು ಯಾರಿಗೂ ನೆನಪಿರುತ್ತಿರಲಿಲ್ಲ. ಒಬ್ಬರ ಮನೆಯ ಮೀನು ಚುರುಗುಟ್ಟುವುದು, ಇನ್ನೊಬ್ಬರ ಟಿವಿ, ಮತ್ತೊಬ್ಬರ ಗೊರಕೆ ಎಲ್ಲವೂ ದೇವರಿಗೆ ಒಟ್ಟಿಗೇ ಮುಟ್ಟುತ್ತಿದ್ದವು.

ವರ್ನೆಲ್ ಮೊದಲ ಬುಧವಾರ ಬರಿಗೊರಳಲ್ಲಿ ಒಂದು ಹಾಡು ಹೇಳಿದಳು. ಮುಗಿಸಿದ್ದೇ ತಡ, ಇಪ್ಪತ್ತು ಕಡೆಯಿಂದ ಒಟ್ಟಿಗೆ ಉದ್ಗಾರ ಬಂತು. ಅವಳ ಕಣ್ಣು ತುಂಬಿತು. ಮರುವಾರ ಚರ್ಚಿನ ಹಿರಿಯ, ಎಂಬತ್ತೆಂಟು ವರ್ಷದ ಸೀಫಸ್ ಅಮ್‌ಸ್ಟೆಡ್ ಕೇಳಿದ: "ಮಗಳೇ, ನೀನು ಬ್ಯಾಂಜೊ ನುಡಿಸ್ತೀಯಂತೆ. ಎಲ್ಲಿ ಅದು?"

ಜೆನೋಬಿಯತ್ತೆ ನಡುವೆ ಬಾಯಿ ಹಾಕಿದಳು. "ಬೇಡ ಸೀಫಸ್ ಅಣ್ಣ. ಬಿಳಿಯರು ನಾಟಕದಲ್ಲಿ ಆ ವಾದ್ಯ ಹಿಡ್ಕೊಂಡು, ಮುಖಕ್ಕೆ ಮಸಿ ಬಳಕೊಂಡು, ನಮ್ಮನ್ನ ಆಡ್ಕೊಂಡು ನಕ್ಕಿದ್ದು ಮರ್ತು ಹೋಯ್ತಾ? ನನ್ನ ಮನೇಲಿದ್ರೂ ಅದು ಮಂಚದ ಕೆಳಗೇ ಇರ್ಲಿ ಅಂದಿದ್ದೀನಿ."

"ನಕ್ಕೋರು ನಕ್ರು, ಜೆನೋಬಿಯಾ. ನಮ್ಮಮ್ಮನ ತಾತ ಸೋರೆಬುರುಡೆಗೆ ಬೆಕ್ಕಿನ ಚರ್ಮ ಬಿಗಿದು ತಾನೇ ಮಾಡ್ಕೊಂಡಿದ್ದ. ಆಫ್ರಿಕಾದಿಂದ ಸಮುದ್ರ ದಾಟಿ ಬಂದೋರ ನೆನಪಲ್ಲಿ ಇದ್ದಿದ್ದೇ ಅದು. ಅವರು ನಕ್ರು ಅಂತ ನಾವು ನಮ್ಮ ಸಾಮಾನು ಬಿಟ್ಟು ಬರೋದಾ? ನುಡಿಸು ಮಗು. ನಾನು ಸತ್ತಾಗ್ಲೂ ನೀನು ಬಂದು ನುಡಿಸ್ಬೇಕು."

ವರ್ನೆಲ್ ಮಂಚದ ಕೆಳಗಿಂದ ಪೆಟ್ಟಿಗೆ ಎಳೆದಳು. ಅತ್ತೆ ಎದ್ದು ಅಡುಗೆಮನೆಗೆ ಹೋದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಮೇ ತಿಂಗಳ ಕೊನೆಗೆ ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮೊಣಕಾಲಿನಡಿ ಒಬ್ಬ ಕಪ್ಪು ಮನುಷ್ಯ ಉಸಿರುಗಟ್ಟಿ ಸತ್ತ. ಊರೂರು ಬೀದಿಗಿಳಿಯಿತು. ಜೂನ್ ಬರುತ್ತಿದ್ದಂತೆ ವರ್ನೆಲ್‌ಳ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಆರು ವರ್ಷದಿಂದ ಅವಳ ಪತ್ರಕ್ಕೆ ಉತ್ತರ ಕೊಡದಿದ್ದ ಸಂಗೀತ ಸಭೆಗಳು, ಗ್ರಂಥಾಲಯಗಳು, ಎಂದೋ ಒಮ್ಮೆ ಧ್ವನಿಮುದ್ರಿಕೆ ಕೊಂಡವರು, ಎಲ್ಲರಿಗೂ ಅವಳೊಡನೆ ಜನಾಂಗಭೇದದ ಬಗ್ಗೆ ಮಾತಾಡಬೇಕಿತ್ತು. ಅವಳು ಮೂರು ಕಡೆ ಒಪ್ಪಿಕೊಂಡಳು. ಪರದೆಯ ಮೇಲೆ ಸಾಲುಸಾಲು ಚೌಕಗಳು, ಪ್ರತಿ ಚೌಕದಲ್ಲೂ ತಲೆಯಾಡಿಸುವ ಒಂದು ಮುಖ. "ನಿಮ್ಮ ನೋವು ಹೇಳಿ" ಎಂದರು. ಅಡುಗೆಮನೆಯ ದಾರಿಯ ಕತೆ ಹೇಳಿದಳು. ಒಬ್ಬ ಹೆಂಗಸು ಬಿಕ್ಕಿಬಿಕ್ಕಿ ಅಳತೊಡಗಿದ್ದರಿಂದ ಉಳಿದ ಹೊತ್ತೆಲ್ಲ ಅವಳನ್ನು ಸಮಾಧಾನ ಮಾಡುವುದರಲ್ಲೇ ಹೋಯಿತು.

ಹೊರಗೆ ಜಗಲಿಯಲ್ಲಿ ಅತ್ತೆ ಬೀನ್ಸಿನ ನಾರು ತೆಗೆಯುತ್ತಿದ್ದಳು. "ಏನು ಹಾಡಿದೆ?" ಎಂದಳು.

"ಹಾಡು ಕೇಳ್ಲೇ ಇಲ್ಲ."

"ಮತ್ಯಾಕೆ ಕರೆದ್ರು? ಅವರು ಅತ್ರೆ ನೀನು ಮೂಗು ಒರೆಸೋಕಾ?"

ವರ್ನೆಲ್‌ಗೆ ನಗು ಬಂತು. ನಗುತ್ತಲೇ ಒಂದು ಹಿಡಿ ಬೀನ್ಸ್ ಮಡಿಲಿಗೆ ಹಾಕಿಕೊಂಡಳು. ಅವಳನ್ನು ಕೊರೆಯುತ್ತಿದ್ದದ್ದು ಆ ಅಳುವಿಗಿಂತ ಬೇರೆಯೇ. ಗುರುತಿಲ್ಲದ ನೂರು ಜನ ಫೋನ್ ಮಾಡಿದ್ದರು, ಡೇಲ್ ಮಾಡಿರಲಿಲ್ಲ.

ಮೂರು ವಾರ ಕಾದಳು. ಜೂನ್ ಕೊನೆಯ ಬುಧವಾರ ಪ್ರಾರ್ಥನೆಯ ಕೋರಿಕೆಗಳನ್ನು ಹೇಳುವ ಹೊತ್ತಿಗೆ ತಡೆಯಲಾಗಲಿಲ್ಲ. "ನಂದೊಂದಿದೆ" ಎಂದಳು. "ನನ್ನ ಜೊತೆ ಹನ್ನೊಂದು ವರ್ಷ ನುಡಿಸಿದವನೊಬ್ಬ ಇದ್ದಾನೆ. ಬದುಕಿದ್ದೀಯಾ ಅಂತ ಒಂದು ಮಾತು ಕೇಳಲಿಲ್ಲ. ಅವನ ಮೇಲೆ ನಂಗೆ ಕೆಟ್ಟ ಸಿಟ್ಟಿದೆ. ಅದು ಇಳೀಲಿ ಅಂತ ಬೇಡ್ಕೊಳ್ಳಿ."

"ಇಳಿಸು ತಂದೆ" ಎಂದು ಯಾರೋ ಅಂದರು. ಅಷ್ಟರಲ್ಲಿ ಲೈನಿನಲ್ಲಿ ಒಂದು ಬೇಟೆನಾಯಿ ಉದ್ದಕ್ಕೆ ಊಳಿಟ್ಟಿತು. ವರ್ನೆಲ್ ಸೆಟೆದು ಕುಳಿತಳು. ಆ ಊಳು ಅವಳಿಗೆ ಗೊತ್ತು. ವ್ಯಾನಿನ ಹಿಂದಿನ ಸೀಟಿನಿಂದ ಬರುತ್ತಿದ್ದ ಅದನ್ನು ಹನ್ನೊಂದು ವರ್ಷ ಕೇಳಿದ್ದಳು.

"ಯಾರ ನಾಯಿ ಅದು?" ಎಂದ ಸೀಫಸ್.

ಒಂದು ಧ್ವನಿ ಬಂತು. "ನಂದು ಸರ್. ಡೇಲ್ ಹನಿಕಟ್ ಅಂತ."

"ಆರು ಒತ್ತೋಕೆ ಹೇಳಿರ್ಲಿಲ್ವೇನೋ ನಿಂಗೆ!" ಎಂದು ಜೆನೋಬಿಯತ್ತೆ ಕೂಗಿಬಿಟ್ಟಳು. ಕೂಗಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು.

ಏಪ್ರಿಲ್‌ನಲ್ಲಿ ವರ್ನೆಲ್ ಹೇಗಿದ್ದಾಳೆಂದು ಕೇಳಲು ಡೇಲ್ ಮನೆಯ ಫೋನಿಗೆ ಕರೆ ಮಾಡಿದ್ದನಂತೆ. ಅತ್ತೆ ವರ್ನೆಲ್‌ಗೆ ಹೇಳದೆ ಅವನಿಗೆ ಬುಧವಾರದ ನಂಬರು ಕೊಟ್ಟಿದ್ದಳು. ಅಂದಿನಿಂದ ಒಂದು ವಾರವೂ ತಪ್ಪಿಸದೆ, ಉಸಿರೆತ್ತದೆ ಕೇಳಿಸಿಕೊಳ್ಳುತ್ತಿದ್ದ.

"ಈ ಹುಡುಗಿಗೆ ಯಾಕಪ್ಪ ಫೋನ್ ಮಾಡ್ಲಿಲ್ಲ?" ಎಂದು ಸೀಫಸ್ ನಿಧಾನವಾಗಿ ಕೇಳಿದ.

"ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ ಸರ್."

"ಗೊತ್ತಾಗ್ಲಿಲ್ಲ ಅಂತ್ಲೇ ಹೇಳ್ಬೇಕಿತ್ತು. ಈಗ ಹೇಳು. ಇಲ್ಲಿ ಯಾರಿಗೂ ಅವಸರ ಇಲ್ಲ. ನಾವೆಲ್ಲ ರಿಟೈರಾದೋರು."

ಡೇಲ್ ತಡವರಿಸುತ್ತಾ ಹೇಳಿದ. "ಪೆಟ್ರೋಲಿಗೆ ನಿಲ್ಲಿಸಿದಾಗ ಕೆಲವು ಊರಲ್ಲಿ ಇವಳು ವ್ಯಾನಿಂದ ಇಳೀತಿರ್ಲಿಲ್ಲ. ನಾನೇ ಹೋಗಿ ಕಾಫಿ ತರ್ತಿದ್ದೆ. ಯಾಕೆ ಅಂತ ನಂಗೆ ಗೊತ್ತಿತ್ತು. ಅಂಥದೇ ಅಂಗಡಿ ನಮ್ಮಪ್ಪ ಇಟ್ಟಿದ್ದ. ಯಾರು ಒಳಗೆ ಬರ್ಬಾರ್ದು ಅಂತ ಕಣ್ಣಲ್ಲೇ ಹೇಳೋನು. ನಾನು ಗಲ್ಲಾ ಹಿಂದೆ ನಿಂತಿರ್ತಿದ್ದೆ. ಕೇಳದೇ ಇರೋದು ಮರ್ಯಾದೆ ಅಂದ್ಕೊಂಡಿದ್ದೆ, ವರ್ನೆಲ್."

"ಇವತ್ತು ನಾನು ಹಾಡಲ್ಲ" ಎಂದು ವರ್ನೆಲ್ ಫೋನಿಟ್ಟಳು. ಎರಡು ದಿನ ಅತ್ತೆಯ ಜೊತೆಯೂ ಮಾತಾಡಲಿಲ್ಲ. ಅಂಗಡಿಯ ವಿಷಯಕ್ಕಿಂತ, ಅವನಿಗೆ ಎಲ್ಲವೂ ಗೊತ್ತಿತ್ತು ಎಂಬುದೇ ಅವಳಿಗೆ ಹೆಚ್ಚು ಉರಿಯಿತು.

ಶನಿವಾರ ಬೆಳಿಗ್ಗೆ ಡೇಲ್ ಮಾಸ್ಕಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬಂದು ಹಿತ್ತಲ ಅಂಜೂರದ ಮರದ ಕೆಳಗೆ ನಿಂತ. ಅತ್ತೆ ಜಗಲಿಯಿಂದಲೇ ಅಳತೆ ಹಾಕಿ, ಎಷ್ಟು ದೂರದಲ್ಲಿ ಕೂರಬೇಕೆಂದು ಕುರ್ಚಿಯ ಜಾಗ ತೋರಿಸಿದಳು.

"ಬೂಟಿನ ಲಾಡಿ ಕಟ್ಕೊಳ್ತಿದ್ಯಲ್ಲ ಪ್ರತಿ ಸಲ" ಎಂದಳು ವರ್ನೆಲ್. "ನಾನು ನೋಡ್ತಿರ್ಲಿಲ್ಲ ಅಂದ್ಕೊಂಡ್ಯಾ?"

"ನೋಡ್ತೀಯ ಅಂತ ಗೊತ್ತಿತ್ತು."

"ಮತ್ತೆ?"

"ಹೆದರ್ಕೆ. ಬಾಯಿ ಬಿಟ್ರೆ ನೀನು ನನ್ನನ್ನ ಬಿಟ್ಟು ಹೋಗ್ತೀಯ ಅಂತ."

"ಬಾಯಿ ಮುಚ್ಕೊಂಡಿದ್ದಕ್ಕೇ ಬಿಟ್ಟು ಹೋಗೋಳಿದ್ದೆ ಕಣೋ, ದಡ್ಡ ಮುದುಕ."

ಆ ದಿನ ಏನೂ ತೀರ್ಮಾನವಾಗಲಿಲ್ಲ. ಅವನು ಮುಂದಿನ ಶನಿವಾರವೂ ಬಂದ, ಅದರ ಮುಂದಿನ ವಾರವೂ. ಒಮ್ಮೊಮ್ಮೆ ಜಗಳವಾಗಿ ಅರ್ಧಕ್ಕೇ ಎದ್ದು ಹೋಗುತ್ತಿದ್ದ. ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಬೇಸ್ ಹೊತ್ತು ತಂದ. ಆ ಹಿತ್ತಲಲ್ಲೇ, ಜೀರುಂಡೆಗಳ ಕಿರುಚಾಟದ ನಡುವೆಯೇ, ವರ್ನೆಲ್ ವ್ಯಾನಿನ ಕಿಟಕಿಯಿಂದ ಕಂಡ ಹನ್ನೊಂದು ವರ್ಷವನ್ನು ಹಾಡಾಗಿ ಕಟ್ಟಿದಳು. ಅದನ್ನು ಮೊದಲು ಕೇಳಿದವರು ಬುಧವಾರದವರು. ಹಾಡು ಮುಗಿದಾಗ ಸೀಫಸ್, "ಆ ಬಿಳಿ ಹುಡುಗ ತಾಳ ಚೆನ್ನಾಗಿ ಹಿಡಿದಿದ್ದಾನೆ" ಎಂದ. ಐವತ್ತೆಂಟರ ಡೇಲ್‌ಗೆ ತನ್ನನ್ನು ಹುಡುಗ ಎಂದವರ ಮೇಲೆ ವಿಶೇಷ ಪ್ರೀತಿ ಹುಟ್ಟಿತು.

ಜನವರಿಯಲ್ಲಿ ಸೀಫಸ್‌ನನ್ನು ಸೋಂಕು ಕೊಂಡೊಯ್ದಿತು. ಸ್ಮಶಾನಕ್ಕೆ ಹತ್ತೇ ಜನರಿಗೆ ಅಪ್ಪಣೆ. ಹೊರಡುವ ಹೊತ್ತಿಗೆ ಬ್ಯಾಂಜೊ ಪೆಟ್ಟಿಗೆ ಕಾಣದೆ ವರ್ನೆಲ್ ಮನೆಯೆಲ್ಲ ಹುಡುಕಿದಳು. ಜೆನೋಬಿಯತ್ತೆ ಬಿಳಿ ಕೈಗವಸು ತೊಟ್ಟು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಗಲೇ ಕಾರಿನಲ್ಲಿ ಕುಳಿತಿದ್ದಳು. "ಏನು ಮಿಕಮಿಕ ನೋಡ್ತೀಯ? ಹತ್ತು" ಎಂದಳು. ವರ್ನೆಲ್ ಗುಂಡಿಯ ಪಕ್ಕ ನಿಂತು, ಚಳಿಗೆ ಮರಗಟ್ಟಿದ ಬೆರಳುಗಳಿಂದಲೇ ನುಡಿಸಿದಳು. ಹನ್ನೊಂದನೆಯವನಾದ ಡೇಲ್ ಬೇಲಿಯಾಚೆ ರಸ್ತೆ ಬದಿಯಲ್ಲಿ ಹ್ಯಾಟು ತೆಗೆದು, ಕೊನೆಯವರೆಗೂ ನಿಂತಿದ್ದ.

ಮಾತಿಗೆ ಕರೆಯುವ ಪತ್ರಗಳು ಆಮೇಲೂ ಬಂದವು. ವರ್ನೆಲ್ ಎಲ್ಲಕ್ಕೂ ಒಂದೇ ಉತ್ತರ ಬರೆದಳು: ನಾನು ಹಾಡುವವಳು, ಮೊದಲು ಅರ್ಧ ಗಂಟೆ ಹಾಡು ಕೇಳಿ. ಆಮೇಲೆ ನಿಮ್ಮ ಮನೆಯ, ನಿಮ್ಮ ಊರಿನ ಒಂದು ಕತೆಯನ್ನು ನೀವು ಹೇಳಿ. ಅದಾದ ಮೇಲೆ ನನ್ನದು. ಅರ್ಧದಷ್ಟು ಜನ ಮತ್ತೆ ಬರೆಯಲಿಲ್ಲ. ಉಳಿದವರಲ್ಲಿಗೆ, ಲಸಿಕೆ ಬಂದು ದಾರಿಗಳು ತೆರೆದ ಮೇಲೆ, ಅವಳೂ ಡೇಲೂ ವ್ಯಾನಿನಲ್ಲೇ ಹೋದರು. ಕೆಲವು ಕಡೆ ಮಾತು ಚೆನ್ನಾಗಿ ನಡೆಯಿತು, ಕೆಲವು ಕಡೆ ಇಲ್ಲ. ಹಾಡು ಮಾತ್ರ ಎಲ್ಲ ಕಡೆಯೂ ನಡೆಯಿತು.

ಚರ್ಚಿನ ಬಾಗಿಲು ತೆರೆದರೂ ಮಂಡಿನೋವಿನವರು ಬುಧವಾರದ ಲೈನನ್ನು ಬಿಟ್ಟುಕೊಡಲಿಲ್ಲ. ವರ್ನೆಲ್ ಎಲ್ಲಿದ್ದರೂ ಹನ್ನೆರಡಕ್ಕೆ ವ್ಯಾನು ನಿಲ್ಲಿಸಿ ಅಲ್ಲಿಂದಲೇ ಹಾಡುತ್ತಾಳೆ.