ಹೊಸ್ತಿಲು ಬಾಡಿಗೆಗಿಲ್ಲ

ಓನರಮ್ಮನ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಸದಾ ಬೆಳ್ಳಗಿರುತ್ತಿದ್ದವು. ಉಗುರಿನ ಸಂದಿಗೆ, ಚರ್ಮದ ಗೆರೆಗಳ ಒಳಕ್ಕೆ ಇಳಿದು ನಿಂತ ಬಿಳುಪು ಅದು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮಜ್ಜಿಗೆ ಕೊಟ್ಟರೆ ಸ್ಟೀಲ್ ಲೋಟದ ಮೇಲೆ ಎರಡು ಬೆರಳಿನ ಮಸುಕು ಗುರುತು ಉಳಿಯುತ್ತಿತ್ತು. ರಂಗೋಲಿ ಪುಡಿಯ ಗುರುತು. ಬಾಡಿಗೆಗಿದ್ದ ನಾವು ಏಳುವಷ್ಟರಲ್ಲಿ ಅವರು ವಠಾರದ ಪ್ರತಿ ಮನೆಯ ಮುಂದೆಯೂ ನೀರು ಚಿಮುಕಿಸಿ, ಬಗ್ಗಿ, ತಾವೇ ರಂಗೋಲಿ ಹಾಕಿ ಮುಗಿಸಿರುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಸೊಂಟ ಹಿಡಿದರೂ ಬಿಡುತ್ತಿರಲಿಲ್ಲ. ನನ್ನ ಹೆಂಡತಿ ಹೊಸದರಲ್ಲಿ ಸಂಕೋಚಪಟ್ಟು, ನಮ್ಮ ಮನೆ ಮುಂದೆ ನಾನೇ ಹಾಕಿಕೊಳ್ಳುತ್ತೇನೆ ಎಂದಿದ್ದಳು. ಅದಕ್ಕೆ ಅವರು ಹೇಳಿದ ಮಾತು ನನಗೆ ಈಗಲೂ ಬಾಯಿಪಾಠ.

"ಬಾಡ್ಗೆ ಗೋಡೆಗೆ ಕೊಡ್ತೀರ ಕಣಮ್ಮ. ಹೊಸ್ತಿಲು ಬಾಡ್ಗೆಗಿಲ್ಲ. ಬಂದೋರಿಗೆ ಅದನ್ನ ನಾನು ಮರ್ಯಾದೆಯಾಗಿ ಕೊಡೋದು."

ವೈಟ್‌ಫೀಲ್ಡ್ ದಾಟಿ ಇನ್ನೂ ಮುಂದಕ್ಕೆ ಹೋದರೆ ದಕ್ಷಿಣ ಪಿನಾಕಿನಿಯ ದಂಡೆಯಲ್ಲಿ ಒಂದು ಹಳೇ ಕೋಟೆ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಓದಿದರೆ ಗೊತ್ತು ಹಿಡಿಯುತ್ತಾರೆ, ಅಷ್ಟು ಸಾಕು. ಪಾಳೇಗಾರರ ಕಾಲದ ಕೋಟೆಯಲ್ಲಿ ಉಳಿದಿದ್ದು ಒಂದು ಕಲ್ಲಿನ ಬಾಗಿಲು, ಅದರ ಒಳಗೆ ಜಗಲಿ ಮನೆಗಳ ಒಂದೇ ಬೀದಿ, ಶಿವನ ಗುಡಿ. ಬಾಗಿಲಾಚೆ ಹೊಳೆಗೆ ಇಳಿಯುವ ಕಲ್ಲು ಮೆಟ್ಟಿಲು, ಒಂದು ಮಂಟಪ. ಮಳೆಗಾಲ ಬಿಟ್ಟರೆ ಹೊಳೆಯಲ್ಲಿ ನೀರಿಗಿಂತ ಬೆಂಗಳೂರಿನಿಂದ ತೇಲಿ ಬರುವ ನೊರೆಯೇ ಹೆಚ್ಚು. ಭಾನುವಾರ ಐಟಿ ಕಂಪನಿಯ ಹುಡುಗ ಹುಡುಗಿಯರು ಕ್ಯಾಮೆರಾ ಹಿಡಿದು ಬಂದು ಓನರಮ್ಮನ ತಲೆಬಾಗಿಲಿನ ಫೋಟೋ ತೆಗೆಯುತ್ತಿದ್ದರು. ಅವರಿಗೆ ಮಜ್ಜಿಗೆ ಕೊಟ್ಟು, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಜಗಲಿ ಉಂಟೋ ಎಂದು ಕೇಳುವುದು ಓನರಮ್ಮನ ವಾಡಿಕೆ. ಇಲ್ಲವೆಂದರೆ, ಪಾಪ, ಹಾಗಾದರೆ ನಿಮ್ಮಲ್ಲಿಗೆ ಬಂದವರು ಎಲ್ಲಿ ಕೂರುತ್ತಾರೆ ಎಂದು ನಿಜವಾಗಿಯೂ ಮರುಗುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಮೊದಲು ಪಟ್ಟಂದೂರು ಅಗ್ರಹಾರದಲ್ಲಿ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದೆವು. ನಾನು, ಹೆಂಡತಿ, ನನ್ನ ತಾಯಿ. ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲಕ್ಕೆ ಆ ಮನೆಯವರು ಅದನ್ನು ಒಡೆದು ಪಿ.ಜಿ. ಕಟ್ಟಲು ಹೊರಟರು. ಬೇರೆ ಮನೆ ಹುಡುಕಿಕೊಂಡು ಸುತ್ತಿದೆ. ಹೋದಲ್ಲೆಲ್ಲ ಮನೆ ತೋರಿಸುವ ಮೊದಲು ಒಂದೇ ಪ್ರಶ್ನೆ: ನೀವು ಯಾವ ಪೈಕಿ? ನಮ್ಮದು ಊರಾಚೆಯ ಕೇರಿ. ನಿಜ ಹೇಳಿದಲ್ಲೆಲ್ಲ ಬಾಗಿಲು ಮೆಲ್ಲಗೆ, ಬಹಳ ಮರ್ಯಾದೆಯಿಂದಲೇ ಮುಚ್ಚಿಕೊಳ್ಳುತ್ತಿತ್ತು.

ಕೋಟೆ ಬೀದಿಯಲ್ಲಿ ಒಂದು ಮನೆ ಖಾಲಿ ಇದೆಯೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಲಿಂಗಾಯಿತರ ಬೀದಿಯೆಂದೂ ಹೇಳಿದರು. ಬಸ್ಸಿಳಿದವನು ದಾರಿಯ ಗುಡಿಯೊಂದರಲ್ಲಿ ವಿಭೂತಿ ತೆಗೆದು ಹಣೆಗೆ ಮೂರು ಗೆರೆ ಎಳೆದುಕೊಂಡೇ ಒಳಗೆ ಹೋದೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಆ ಪ್ರಶ್ನೆ ಕೇಳಿದವರು ಅವರು. "ನಿಮ್ಮವರೇ ಸಾರ್," ಅಂದೆ. ಅವರು ತಲೆಯಾಡಿಸಿದರು. ಓನರಮ್ಮ ಅದೊಂದನ್ನೂ ಕೇಳಲಿಲ್ಲ. ಮನೆಯಲ್ಲಿ ಯಾರ್ಯಾರು ಎಂದಷ್ಟೇ ಕೇಳಿ, ನಿಮ್ಮ ತಾಯಿಗೆ ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ, ಆಗದಿದ್ದರೆ ಕೆಳಗಿನ ಮನೆ ಕೊಡುತ್ತೇನೆ ಎಂದರು.

ಸುಳ್ಳನ್ನು ಒಂದು ಸಲ ಹೇಳಿದರೆ ಮುಗಿಯಿತೆಂದುಕೊಂಡಿದ್ದೆ. ಅದಕ್ಕೆ ದಿನಾ ನೀರೆರೆಯಬೇಕಾಗಿತ್ತು. ಮನೆಯಲ್ಲಿ ಮಾಂಸ ಬೇಯಿಸುವುದನ್ನು ನಿಲ್ಲಿಸಿದೆ. ನಮ್ಮ ಕಡೆಯವರು ಯಾರೂ ಮನೆಗೆ ಬರದ ಹಾಗೆ ನೋಡಿಕೊಂಡೆ. ಒಮ್ಮೆ ನನ್ನ ತಮ್ಮ ತಾಯಿಯನ್ನು ನೋಡಲು ಸೌತೆಕಾಯಿ ಚೀಲ ಹೊತ್ತು ಬಂದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲೇ ಇಡ್ಲಿ ತಿನ್ನಿಸಿ, ಅಮ್ಮನಿಗೆ ಜ್ವರ, ಮಲಗಿದ್ದಾಳೆ ಎಂದು ಹೇಳಿ ಹಿಂದಕ್ಕೆ ಕಳಿಸಿದೆ. ಅವನು ಚೀಲ ನನ್ನ ಕೈಗೆ ಕೊಟ್ಟು, ಏನೂ ಕೇಳದೆ ಬಸ್ಸು ಹತ್ತಿದ. ಆ ಬಸ್ಸಿನ ಬೆನ್ನು ಇವತ್ತಿಗೂ ನನ್ನ ಕಣ್ಣ ಮುಂದಿದೆ. ತಾಯಿಗೂ ತಾಕೀತು ಮಾಡಿದ್ದೆ: ಜಗಲಿಯಲ್ಲಿ ಕೂತರೂ ಊರಿನ ಮಾತು, ನೆಂಟರ ಮಾತು ಎತ್ತಬೇಡ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈ ವಯಸ್ನಾಗೆ ನನ್ ಜಾತಿ ಬದಲಾಯ್ಸ್‌ಬುಟ್ಟೆ. ಯೆಸ್ರಾದ್ರೂ ಅಂಗೇ ಇರ್ಲಿ ಬುಡಪ್ಪ."

ಆದರೆ ಜಗಲಿ ಬಿಡಲಿಲ್ಲ. ಬಂದ ಕೆಲವೇ ದಿನಕ್ಕೆ ಓನರಮ್ಮನಿಗೂ ಅವಳಿಗೂ ಗಳಸ್ಯಕಂಠಸ್ಯವಾಯಿತು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಎದುರುಬದುರು ಕಾಲು ಚಾಚಿ ಕಾಯಿ ಸುಲಿಯುವುದು, ಸಂಜೆಗೆ ಹೊಳೆ ಮೆಟ್ಟಿಲಿನ ಮೇಲೆ ಕೂತು ನೊರೆಗೆ ಬೈಯುವುದು. ಮೇಷ್ಟ್ರ ತಾಯಿ ಹಾಸಿಗೆ ಹಿಡಿದಾಗ ನನ್ನ ತಾಯಿಯೇ ಹೋಗಿ ಅವರನ್ನು ಎತ್ತಿ ಕೂರಿಸಿ, ತಲೆ ಬಾಚಿ ಬರುತ್ತಿದ್ದಳು. ನಾನು ಕಿಟಕಿಯಿಂದ ಇಣುಕಿ ಇಣುಕಿ ನೋಡುತ್ತಿದ್ದೆ. ಇವಳ ಬಾಯಿಂದ ಯಾವ ಮಾತು ಜಾರುತ್ತದೋ, ನಾಳೆ ಸಾಮಾನು ಎಲ್ಲಿಗೆ ಸಾಗಿಸಬೇಕೋ ಎಂದು ಹೆದರಿಕೆ. ಇಬ್ಬರೂ ಏನೋ ಹೇಳಿಕೊಂಡು ನಗುವರು; ನಾನು ಹತ್ತಿರ ಹೋದರೆ ಅವರೆಕಾಯಿಯ ಮೇಲೆ ಬಗ್ಗಿಕೊಳ್ಳುವರು.

ಹೀಗೆ ಕೆಲವು ವರ್ಷ ಕಳೆದವು. ಒಂದು ಮಳೆಗಾಲದ ಕೊನೆಯಲ್ಲಿ, ಹೊಳೆ ತುಂಬಿದ್ದಾಗ, ಮಧ್ಯಾಹ್ನ ಕಾರ್ಖಾನೆಗೆ ಫೋನು ಬಂತು. ಊಟ ಮಾಡಿ ಗೋಡೆಗೆ ಒರಗಿದ ತಾಯಿ ಹಾಗೆಯೇ ಹೋಗಿದ್ದಳು.

ಬಸ್ಸಿನಲ್ಲಿ ಬರುವಾಗ ನನಗೆ ಅಳು ಬರಲಿಲ್ಲ, ಭಯ ಬಂತು. ಬೆಂಗಳೂರಿನ ಸುತ್ತ ಬಾಡಿಗೆ ಮನೆಯಲ್ಲಿ ಸತ್ತವರ ಪಾಡು ಗೊತ್ತಿದ್ದವನು ನಾನು. ಅಗ್ರಹಾರದಲ್ಲಿ ಪಕ್ಕದ ಮನೆಯ ಮುದುಕರು ಆಸ್ಪತ್ರೆಯಲ್ಲಿ ತೀರಿಕೊಂಡಾಗ ಓನರು ಹೆಣವನ್ನು ಗೇಟಿನ ಒಳಗೆ ಬಿಟ್ಟಿರಲಿಲ್ಲ. ರಸ್ತೆ ಬದಿಯಲ್ಲಿ, ಲಾರಿಗಳ ಧೂಳಿನಲ್ಲಿ ಮಲಗಿಸಿದ್ದರು. ನನ್ನ ತಾಯಿಯನ್ನು ಎಲ್ಲಿ ಮಲಗಿಸುತ್ತಾರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದು. ಬದುಕಿದ್ದಾಗ ಹೇಗೋ ನಡೆದ ಸುಳ್ಳು ಸಾವಿನ ಮುಂದೆ ನಡೆಯುವುದಿಲ್ಲ. ಲಿಂಗಾಯಿತರು ಅಯ್ಯನವರನ್ನು ಕರೆಸುತ್ತಾರೆ, ದೇಹವನ್ನು ಕೂರಿಸುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ನಮ್ಮಲ್ಲಿ ಮಲಗಿಸಿ ಚಟ್ಟ ಕಟ್ಟುತ್ತೇವೆ, ತಮಟೆ ಬಡಿಯುತ್ತೇವೆ. ತಾಯಿಯನ್ನು ಅವಳದಲ್ಲದ ರೀತಿಯಲ್ಲಿ ಕಳಿಸಬೇಕು, ಇಲ್ಲವೇ ಬೀದಿಯ ಮುಂದೆ ಬಾಯಿ ಬಿಡಬೇಕು.

ಬಂದಾಗ ಜಗಲಿಯ ತುಂಬ ಜನ. ತಾಯಿಯನ್ನು ಒಳಗೆ, ನಮ್ಮ ನಡುಮನೆಯಲ್ಲೇ ಮಲಗಿಸಿದ್ದರು. ತಲೆಯ ಹತ್ತಿರ ದೀಪ ಇತ್ತು. ಮೇಷ್ಟ್ರು ನನ್ನ ಭುಜ ಹಿಡಿದು, ಅಯ್ಯನವರಿಗೆ ಹೇಳಿ ಕಳಿಸಿದ್ದೇನೆ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಅವರನ್ನು ದಾಟಿ ಓನರಮ್ಮನ ಮನೆಯೊಳಕ್ಕೆ ಹೋದೆ. ಅವರು ಪೆಟ್ಟಿಗೆ ತೆಗೆದು ಒಂದು ಹೊಸ ಸೀರೆಯ ಮಡಿಕೆ ಬಿಡಿಸುತ್ತಿದ್ದರು.

"ಅಮ್ಮಾ, ನಾವು ನಿಮ್ಮವರಲ್ಲ," ಅಂದೆ.

ಅವರು ಸೀರೆಯಿಂದ ಕಣ್ಣೆತ್ತಲಿಲ್ಲ. "ಗೊತ್ತು ಕಣಪ್ಪ. ಬಂದ ವಾರಕ್ಕೇ ನಿಮ್ಮಮ್ಮ ಹೇಳಿದ್ಲು. ನನ್ ಮಗ ನಾಚ್ಕೊಂತಾನೆ, ಅವನಿಗೆ ಗೊತ್ತಾಗೋದು ಬ್ಯಾಡ ಅಂತ ಆಣೆ ಇಕ್ಕಿಸ್ಕೊಂಡ್ಲು. ಇಷ್ಟು ವರ್ಷ ನಿನ್ ಸುಳ್ಳನ್ನ ನಾವಿಬ್ರೂ ಮುದುಕೀರು ಸಾಕಿದ್ವಿ."

ಆಗ ಅಳು ಬಂತು. ಅವರು ಸೀರೆಯ ಮಡಿಕೆ ಬಿಡಿಸಿ ಮುಗಿಸಿದರು. ಆಮೇಲೆ ಸೀರೆಯನ್ನು ನನ್ನ ಕೈಗಿಟ್ಟು, ನಿಮ್ಮ ಕಡೆಯವರಿಗೆ ಹೇಳಿ ಕಳಿಸಿದೆಯಾ ಎಂದು ಕೇಳಿದರು. ಇಲ್ಲ ಎಂದೆ. "ಕರೆಸು. ತಮಟೆಯೋರ್ನೂ ಕರೆಸು. ಮಗ ಅಂತ ನೀನಿದ್ದೂ ಅವಳನ್ನ ಇನ್ಯಾರೋ ಥರ ಕಳಿಸ್ಬೇಡ."

ಜಗಲಿಗೆ ಬಂದು ವಿಷಯವನ್ನು ಹೇಳಿದವರೂ ಅವರೇ. ದನಿ ಏರಿಸಲಿಲ್ಲ, ಅಡುಗೆಗೆ ಎಷ್ಟು ಅಕ್ಕಿ ಇಡಬೇಕೆಂದು ಹೇಳುವ ಹಾಗೆ ಹೇಳಿದರು. ಕೆಲವರು ಎದ್ದು ಹೋದರು. ಸಂಜೆಯ ಹೊತ್ತಿಗೆ ನನ್ನ ತಮ್ಮ, ನೆಂಟರು ಬಂದರು. ತಮಟೆ ಕಾಯಿಸಲು ವಠಾರದ ಅಂಗಳದಲ್ಲೇ ಹುಲ್ಲಿಗೆ ಬೆಂಕಿ ಇಟ್ಟರು. ಚಟ್ಟ ಎತ್ತುವ ಹೊತ್ತಿಗೆ ಮೇಷ್ಟ್ರು ಬಂದು ಓನರಮ್ಮನ ಎದುರು ನಿಂತರು. ಮನೆಯೊಳಗೆ ನಡೆದದ್ದು ನಡೆಯಿತು, ಆದರೆ ಕೋಟೆ ಬಾಗಿಲಿನಿಂದ ಬೇಡ, ಹಿಂದಿನ ಓಣಿಯಿಂದ ಹೊಳೆಗೆ ಇಳಿಸಲಿ, ಮೊದಲಿನಿಂದ ಬಂದ ಪದ್ಧತಿ ಎಂದರು. ನನ್ನ ತಮ್ಮ ಆಗಲೇ ಓಣಿಯ ಕಡೆ ತಿರುಗಿದ್ದ. ನಾವು ಅಂಥ ಮಾತಿಗೆ ಬೇಗ ತಿರುಗುವುದನ್ನು ಕಲಿತವರು.

"ಮೇಷ್ಟ್ರೇ," ಅಂದರು ಓನರಮ್ಮ. "ನಿಮ್ ತಾಯಿನ ಎತ್ತಿ ಕೂರ್ಸೋಕೆ ಇವಳು ದಿನಾ ಬರ್ತಿದ್ಲಲ್ಲ. ಹಿಂದಿನ ಓಣಿಯಿಂದ ಬರ್ತಿದ್ಲಾ?"

ಓನರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚಟ್ಟಕ್ಕಿಂತ ಮುಂದೆ ನಡೆದರು. ಮಳೆ ಹನಿಯುತ್ತಿತ್ತು. ಕೋಟೆ ಬಾಗಿಲಿನ ಕಲ್ಲಿಗೆ ಕೈ ಊರಿ, ನಮ್ಮವರಲ್ಲಿ ಕೊನೆಯವನು ದಾಟುವವರೆಗೆ ಅಲ್ಲೇ ನಿಂತರು. ಆ ಕಲ್ಲಿನ ಕೆಳಗೆ ತಮಟೆಯ ಸದ್ದು ದುಪ್ಪಟ್ಟಾಗಿ ಕೇಳಿಸಿತು. ಪಾಳೇಗಾರರ ಸವಾರಿ ದಾಟಿದ ಬಾಗಿಲು ಅದು ಎನ್ನುತ್ತಾರೆ. ನನ್ನ ತಾಯಿ ಅದರಲ್ಲಿ ದಾಟಿದಳು. ಹೊಳೆ ದಂಡೆಯಲ್ಲಿ ಅವಳನ್ನು ಮಣ್ಣು ಮಾಡಿ ಬಂದೆವು.

ಮರುದಿನ ಬೆಳಗ್ಗೆ ಮನೆ ಖಾಲಿ ಮಾಡುತ್ತೇನೆಂದು ಹೇಳಲು ಹೊರಟೆ. ಸಾವಾದ ಮನೆಯ ಮುಂದೆ ರಂಗೋಲಿ ಇರುವುದಿಲ್ಲ, ಅದು ನಮ್ಮಲ್ಲೂ ಹಾಗೆಯೇ. ಬಾಗಿಲು ತೆರೆದರೆ ರಂಗೋಲಿ ಇತ್ತು. ಎಂದಿನ ಅಳತೆ, ಎಂದಿನ ಎಳೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನ್ನ ಹೆಂಡತಿ ಹೆದರಿಕೊಂಡಳು. ಓನರಮ್ಮ ಆಚೆ ಮನೆಯ ಮುಂದೆ ಬಗ್ಗಿದ್ದವರು ತಲೆ ಎತ್ತದೆಯೇ ಹೇಳಿದರು:

"ನಮ್ಮಲ್ಲಿ ಸೂತಕ ಅಂತ ಇಲ್ಲ ಕಣಮ್ಮ. ಹೋದೋರು ಹೋದ್ರು. ಇರೋರು ಹೊಸ್ತಿಲು ದಾಟ್ಬೇಕಲ್ಲ, ಅದಕ್ಕೆ ಹಾಕ್ದೆ."

ಖಾಲಿ ಮಾಡುವ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಅದಾದ ಮೇಲೆ ಬೀದಿಯ ಕೆಲವು ಮನೆಯವರು ಓನರಮ್ಮನನ್ನು ಹಬ್ಬದ ಊಟಕ್ಕೆ ಕರೆಯುವುದು ಬಿಟ್ಟರು. ನನ್ನಿಂದಾಗಿ ಹೀಗಾಯಿತೆಂದು ಒಮ್ಮೆ ಅವರ ಮುಂದೆ ತಲೆ ತಗ್ಗಿಸಿದೆ. ಅವರು ನಕ್ಕು, ಪಾಯಸಕ್ಕೆ ಬೆಲ್ಲ ಹಾಕಲು ಅಳುವ ಮನೆಗಳು ಅವು, ಬಾಯಿ ಬದುಕಿತು ಎಂದರು. ಆದರೆ ಯುಗಾದಿಯ ದಿನ ಒಬ್ಬರೇ ಜಗಲಿಯಲ್ಲಿ ಕೂತು ಬೀದಿಯ ಆ ತುದಿ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಅದರ ಮುಂದಿನ ವರ್ಷ ನನ್ನ ತಮ್ಮ ಹೆಂಡತಿ ಮಕ್ಕಳೊಂದಿಗೆ ಹಬ್ಬಕ್ಕೆ ಬಂದ. ಅವನಿಗೆ ಬಸ್‌ಸ್ಟ್ಯಾಂಡಿನ ವಿಷಯ ಹೇಳಿ ಕ್ಷಮೆ ಕೇಳಿದೆ. ಅವನು ಸೌತೆಕಾಯಿ ಚೆನ್ನಾಗಿತ್ತಾ ಎಂದಷ್ಟೇ ಕೇಳಿದ. ಓನರಮ್ಮ ಅವನನ್ನು ಜಗಲಿಯಲ್ಲಿ ತಮ್ಮ ಪಕ್ಕ ಕೂರಿಸಿಕೊಂಡು ನಮ್ಮ ತಾಯಿಯ ಗುಟ್ಟುಗಳನ್ನೆಲ್ಲ ಹೇಳಿ ನಗಿಸಿದರು. ಬೀದಿ ನೋಡುತ್ತಿತ್ತು. ಅಂಥ ಮನೆಯಲ್ಲಿ ಬಾಡಿಗೆಗಿದ್ದೇನೆ ಎಂದು ಆ ದಿನ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಸ್ವಂತ ಮನೆ ಕಟ್ಟಿದ ಯಾರ ಎದೆಯೂ ಅಷ್ಟು ಉಬ್ಬಿರಲಾರದು.

ಅವರು ತೀರಿಕೊಂಡದ್ದು ಇನ್ನೂ ಹಲವು ವರ್ಷದ ಮೇಲೆ, ನಾನು ಕೆಲಸದಿಂದ ನಿವೃತ್ತನಾದ ಮೇಲೆ. ಮಲಗಿದವರು ಬೆಳಗ್ಗೆ ಏಳಲಿಲ್ಲ. ನಾನು ಬಾಗಿಲು ತೆರೆದಾಗ ಹೊಸ್ತಿಲ ಮುಂದೆ ಏನೂ ಇರಲಿಲ್ಲ. ಒಣ ನೆಲ. ಪಕ್ಕದ ಮನೆಯ ಮುಂದೆಯೂ ಇಲ್ಲ. ಅಷ್ಟರಿಂದಲೇ ನನಗೆ ಗೊತ್ತಾಯಿತು.

ತುಮಕೂರಿನಿಂದ ಮಗಳು ಬಂದರು, ಬೀದಿಯವರು ಸೇರಿದರು. ಮನೆ ಮುಂದೆ ರಂಗೋಲಿ ಹಾಕಬೇಕೋ ಬೇಡವೋ ಎಂದು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಕಬೇಕೆಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಡುಗೆಮನೆಯ ಗೂಡಿನಿಂದ ಅವರ ಪುಡಿ ಡಬ್ಬ ತಂದೆ. ತಂಬಿಗೆಯಲ್ಲಿ ನೀರು ತಂದು ಚಿಮುಕಿಸಿದೆ. ಮಂಡಿಯೂರಿ ಕೂತೆ. ಜೀವಮಾನವೆಲ್ಲ ಕಬ್ಬಿಣ ಉಜ್ಜಿದ ಬೆರಳುಗಳಿಗೆ ಪುಡಿ ನಿಲ್ಲಲಿಲ್ಲ. ಎಳೆ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಯಾರೂ ನಗಲಿಲ್ಲ, ಯಾರೂ ತಡೆಯಲೂ ಇಲ್ಲ. ಮೊದಲು ಅವರ ಹೊಸ್ತಿಲು, ಆಮೇಲೆ ಒಂದೊಂದಾಗಿ ವಠಾರದ ಎಲ್ಲ ಹೊಸ್ತಿಲು.

ಹಾಕಿ ಮುಗಿಸಿ ಮತ್ತೆ ಓನರಮ್ಮನ ಬಾಗಿಲಿಗೆ ಬಂದು ನಿಂತಾಗ ಮೇಷ್ಟ್ರು ಹಾರ ಹಿಡಿದು ಬಂದರು. ಅವರಿಗೂ ಆಗ ಬಹಳ ವಯಸ್ಸಾಗಿತ್ತು, ಕೈಯಲ್ಲಿ ಕೋಲು. ನನ್ನ ಸೊಟ್ಟ ರಂಗೋಲಿಯನ್ನು ಬಗ್ಗಿ ನೋಡಿದರು. ಆಮೇಲೆ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡು, ನನ್ನ ಭುಜದ ಮೇಲೆ ಕೈ ಊರಿ, ಒಂದು ಎಳೆಯನ್ನೂ ತುಳಿಯದೆ ಒಳಗೆ ಹೋದರು.